ಹಳದಿ ಅಂಚಿನ ಗಿಡ

ಹೊಲಿಗೆ ಕೋಣೆಯಿಂದ,
ಮಾರ್ಚ್ ೯, ಸೋಮವಾರ

ಪ್ರೀತಿಯ ಮಗಳಿಗೆ (ಸೊಸೆ ಎಂದು ಬರೆದರೆ ನಿನ್ನ ಅತ್ತೆ ಕಾಗದ ಹರಿದು ಹಾಕುತ್ತಾಳೆ),

ಹೇಗಿದ್ದೀಯಮ್ಮ? ಕೆಮ್ಮು ಪೂರ್ತಿ ಹೋಯಿತೇ? ಹಾಸ್ಟೆಲಿನ ಊಟ ಸಪ್ಪೆ ಎಂದಿದ್ದೆ. ಸಪ್ಪೆಯಾದರೂ ಹೊಟ್ಟೆ ತುಂಬ ತಿನ್ನು. ಕಣ್ಣಾಸ್ಪತ್ರೆಯ ತರಬೇತಿ ಎಂದರೆ ಹಗಲೆಲ್ಲ ಯಂತ್ರದೊಳಗೆ ಇಣುಕುವ ಕೆಲಸ. ಬೇರೆಯವರ ಕಣ್ಣು ನೋಡಿ ನೋಡಿ ನಿನ್ನ ಕಣ್ಣು ಕೆಡಿಸಿಕೊಳ್ಳಬೇಡ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಹೊಲಿಗೆ ಯಂತ್ರದ ಜೊತೆ ರಾಜಿ ಮಾಡಿಕೊಂಡಿದೆ. ಶಾಲೆಯ ಸಮವಸ್ತ್ರಗಳು ಮುಗಿದವು, ಈಗ ಕೈಯಲ್ಲಿರುವುದು ಒಂದು ಹೋಟೆಲಿನ ಪರದೆಗಳು ಮಾತ್ರ. ಬರೀ ಉದ್ದುದ್ದ ಹೊಲಿಗೆ, ನಡುವೆ ತೂಕಡಿಸಿದರೂ ನಡೆಯುತ್ತದೆ.

ಇನ್ನು ನಿನ್ನ ಗಿಡದ ವಿಷಯ. ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಚೆನ್ನಾಗಿದೆ ಎಂದು ಮಾತು ತೇಲಿಸುತ್ತಿದ್ದೆವು. ಈಗ ನಿಜಕ್ಕೂ ಚೆನ್ನಾಗಿದೆ, ಹಾಗಾಗಿ ನಡೆದದ್ದನ್ನು ಹೇಳಬಹುದು. ನೀನು ಹೋದ ಮೇಲೆ ಅತ್ತೆ ಅದಕ್ಕೆ ದಿನಾ ಒಂದು ಲೋಟ ನೀರು ಹಾಕತೊಡಗಿದಳು. ಸ್ನೇಕ್ ಪ್ಲಾಂಟಿಗೆ ಮಣ್ಣು ಒಣಗಿದ ಮೇಲೆಯೇ ನೀರು ಎಂದು ನೀನು ಹೇಳಿ ಹೋಗಿದ್ದನ್ನು ನೆನಪಿಸಿದೆ. "ಸಾಕಿದವಳು ಊರಲ್ಲಿಲ್ಲ, ಅದಕ್ಕೆ ಬಾಯಾರಲ್ವಾ? ನೀವು ಸುಮ್ನಿರಿ" ಎಂದಳು. ಅಡಿಯಲ್ಲಿ ತೂತಿಲ್ಲದ ಆ ಪಿಂಗಾಣಿ ಕುಂಡದಿಂದ ನೀರು ಹೋಗುವುದಾದರೂ ಎಲ್ಲಿಗೆ? ನೆಟ್ಟಗೆ ನಿಂತಿದ್ದ ಎಲೆಗಳು ಒಂದೊಂದೇ ವಾಲಿದವು, ಮೈಮೇಲಿನ ಅಲೆ ಅಲೆ ಪಟ್ಟೆಗಳು ಮಂಕಾದವು. ಒಂದು ಭಾನುವಾರ ಧೂಳು ಒರೆಸಲು ಹೋದರೆ ಒಂದು ಎಲೆ ಕೈಗೇ ಬಂತು. ಬುಡವೆಲ್ಲ ಕಂದು ಲೋಳೆ, ಕೊಳೆತ ಆಲೂಗಡ್ಡೆಯ ವಾಸನೆ. ಅತ್ತೆ ಆ ಎಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಮ್ಮ ಮಗ ತೀರಿಕೊಂಡ ಮೇಲೆ ನೀನು ನಿಮ್ಮ ಕೋಣೆಗೆ ಆಸೆಪಟ್ಟು ತಂದ ಮೊದಲ ವಸ್ತು ಅದು. ಅದನ್ನೂ ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ಸಂಕಟ ಅವಳಿಗೆ.

ಅದೇ ಸಂಜೆ, ಇಲ್ಲಿ ನೀನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಕನ್ನಡಕದ ಅಂಗಡಿಯವರು ಬಂದರು. ಎತ್ತರದವರು, ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದವರು. ನಾನು ದುರಸ್ತಿಗೆ ಕೊಟ್ಟಿದ್ದ ಕನ್ನಡಕ ತಂದಿದ್ದರು. ಮನೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಅದಕ್ಕೆ ಕೊಟ್ಟು ಹೋಗೋಣವೆಂದು ಬಂದೆ ಎಂದರು. (ಅವರ ಮನೆ ಊರಿನ ಆ ತುದಿಗಿದೆ ಎಂದು ಆಮೇಲೆ ತಿಳಿಯಿತು.) ಗಿಡ ಕಂಡದ್ದೇ ಕನ್ನಡಕವನ್ನು ನನ್ನ ಕೈಗೆ ತುರುಕಿ ಅದರ ಮುಂದೆ ಕುಕ್ಕರಿಸಿದರು. "ಬೇರಿಗೆ ಉಸಿರು ಕಟ್ಟಿದೆ. ನಮ್ಮನೇಲಿದ್ದಾಗ ಎಷ್ಟು ಗಟ್ಟಿಯಾಗಿತ್ತು" ಎಂದುಬಿಟ್ಟರು. ಅಂದ ಮರುಕ್ಷಣ ಅವರ ಕಿವಿ ಕೆಂಪಾಯಿತು. ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಮಾರುಕಟ್ಟೆಯಲ್ಲಿ ಕೊಂಡೆ ಎಂದಿದ್ದೆಯಲ್ಲ ನೀನು.

ಆಗ ಯಾರೂ ಏನೂ ಕೇಳಲಿಲ್ಲ, ಕೈತುಂಬ ಕೆಲಸವಿತ್ತು. ಹಳೆ ಪೇಪರು ಹಾಸಿ ಗಿಡ ಕಿತ್ತೆವು. ಅವರು ನನ್ನ ಬಟ್ಟೆಯ ಕತ್ತರಿ ಕೇಳಿದರು. ಅದನ್ನು ಕಟ್ಟಿಕೊಂಡ ಹೆಂಡತಿಗೇ ಕೊಟ್ಟವನಲ್ಲ ನಾನು, ಅಡುಗೆಮನೆಯ ಚಾಕು ಕೊಟ್ಟೆ. ಕೊಳೆತ ಬೇರನ್ನೆಲ್ಲ ಕೊಯ್ದು ತೆಗೆದರೆ ಗಟ್ಟಿ ಗೆಡ್ಡೆಯ ಜೊತೆ ಮೂರೇ ಎಲೆ ಉಳಿದವು. ಗಾಯ ಒಣಗಲಿ ಎಂದು ಎರಡು ದಿನ ನೆರಳಲ್ಲಿಟ್ಟೆವು. ಆಮೇಲೆ ಅವರೇ ಮಣ್ಣಿನ ಕುಂಡವನ್ನೂ ಒಂದು ಚೀಲ ಮರಳನ್ನೂ ಹೊತ್ತು ತಂದು ನೆಟ್ಟರು. ಬಿದ್ದ ಎಲೆಯ ಚೆನ್ನಾಗಿದ್ದ ಭಾಗವನ್ನು ತುಂಡು ಮಾಡಿ ಬೇರೆ ಡಬ್ಬಿಯ ಮರಳಲ್ಲಿ ಊರಿದರು. "ಇದ್ರಿಂದ್ಲೂ ಮರಿ ಬರುತ್ತಮ್ಮ, ತಡ ಆಗುತ್ತೆ. ಆದ್ರೆ ಹಳದಿ ಅಂಚು ಇರಲ್ಲ, ಬರೀ ಹಸಿರು" ಎಂದರು. "ಅಂಚಿಲ್ದಿದ್ರೆ ಮರಿ ಅಲ್ವಾ? ಬರ್ಲಿ ಬಿಡಿ" ಎಂದಳು ಅತ್ತೆ.

ಕೈ ತೊಳೆದುಕೊಳ್ಳುವಾಗ ಅವರು, "ನಿಮ್ಮ ಮಗನ ಬಗ್ಗೆ ನಿಮ್ಮ ಸೊಸೆ ತುಂಬಾ ಹೇಳಿದಾರೆ. ತುಂಬಾ ನಗಿಸ್ತಿದ್ರಂತೆ" ಎಂದರು. ಅಷ್ಟೇ ಸಾಕಾಯಿತು. ಅತ್ತೆ ಟೀ ಮಾಡಿ ಎದುರಿಗೆ ಕೂತು, ಅವನು ಚಿಕ್ಕಂದಿನಲ್ಲಿ ನನ್ನ ಗಿರಾಕಿಯ ಕೋಟು ತೊಟ್ಟು ಬೀದಿಯಲ್ಲೆಲ್ಲ ಸಾಹೇಬನಂತೆ ಓಡಾಡಿದ್ದನ್ನು ಹೇಳಿದಳು. ಅವನ ಮಾತೆತ್ತಿದರೆ ಸೆರಗು ಕಣ್ಣಿಗೆ ಹೋಗುತ್ತಿದ್ದವಳು ಅವತ್ತು ನಕ್ಕಳು. ನಾನು ಒಳಗೆ ಹೋಗಿ ಸುಮ್ಮನೆ ಯಂತ್ರ ತುಳಿದೆ, ಬಟ್ಟೆಯಿಲ್ಲದೆ.

ಆಮೇಲೂ ಅವರು ಆಗಾಗ ಬರುತ್ತಾರೆ. ಗಿಡ ನೋಡುವುದಕ್ಕಂತೆ. ಎರಡು ವಾರಕ್ಕೊಮ್ಮೆ ನೀರು ಕೇಳುವ ಗಿಡದಲ್ಲಿ ಅಷ್ಟು ಸಲ ನೋಡುವಂಥದ್ದು ಏನಿರುತ್ತದೋ. ಅತ್ತೆ ಈಗ ಮಣ್ಣಿಗೆ ಬೆರಳಿಟ್ಟು, ಹಸಿ ಇದ್ದರೆ ನಿಟ್ಟುಸಿರು ಬಿಟ್ಟು ಲೋಟ ಕೆಳಗಿಡುತ್ತಾಳೆ. ಕಿಟಕಿಯ ಬಿಸಿಲು ನೇರ ಬೀಳದಂತೆ ಹೋಟೆಲಿನ ಪರದೆಯಲ್ಲಿ ಉಳಿದ ತುಂಡನ್ನು ಹೊಲಿದು ಹಾಕಿದ್ದೇನೆ. ಮೊನ್ನೆ ಬುಡದಲ್ಲಿ ಒಂದು ಹೊಸ ಮೊಳಕೆ ಎದ್ದಿದೆ, ಸುರುಳಿ ಸುತ್ತಿಕೊಂಡು, ಸೂಜಿಯಂತೆ ಚೂಪಾಗಿ.

ಪರೀಕ್ಷೆ ಚೆನ್ನಾಗಿ ಬರೆ. ನಿನ್ನ ಕೋಣೆಯ ಗೆಳತಿಗೆ ನಮ್ಮ ನೆನಪು ತಿಳಿಸು. ನೂರು ಕಾಲ ಸುಖವಾಗಿರು ತಾಯಿ.

ನಿನ್ನ ಮಾವ

ಮರೆತಿದ್ದೆ: ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾಳೆ, ಇದನ್ನು ಬರೆಯದೆ ಲಕೋಟೆ ಅಂಟಿಸಿದರೆ ಅಂಚೆಗೆ ಹಾಕುವುದಿಲ್ಲವಂತೆ. ಆ ಎತ್ತರದವರನ್ನು ನಿಮ್ಮಿಬ್ಬರ ವಿಷಯ ನಾವೇ ಕೇಳಿದೆವು. "ಅವರು ಬಂದು ಅವರೇ ಹೇಳೋವರೆಗೆ ನಾನೇನೂ ಹೇಳಬಾರ್ದು" ಎಂದರು. ನಮಗೆ ಅದೇ ಉತ್ತರವಾಯಿತು. ನಮಗೆ ನೋವಾದೀತೆಂದು ಮುಚ್ಚಿಟ್ಟಿದ್ದರೆ, ಇನ್ನು ಮುಚ್ಚಿಡಬೇಡ. ನಮ್ಮಿಬ್ಬರಿಗೂ ಸಂತೋಷವೇ. ನೀನು ಹೂಂ ಎನ್ನುವುದಾದರೆ ಮದುವೆಯ ಬಟ್ಟೆ ನಾನೇ ಹೊಲಿಯುತ್ತೇನೆ. ನಿನ್ನ ಅಳತೆ ಗೊತ್ತು, ಅವರದ್ದನ್ನು ಕಣ್ಣಲ್ಲೇ ತೆಗೆದಾಯಿತು. ಅತ್ತೆಯದೊಂದು ಷರತ್ತು: ಯಾವ ಮನೆಗೆ ಹೋದರೂ ಈ ಮನೆಯ ಬೀಗದ ಕೈ ನೀನು ವಾಪಸು ಕೊಡಕೂಡದು.