ಕೀಲಿ ಹಲಗೆಯ ಎದುರಿನ ಕಣ್ಣು

ಮಾರ್ಚ್ 3

ಬೆಳಿಗ್ಗೆಯಿಂದ ಮೂರು ಕೀಲಿಕೈ ಉಜ್ಜಿ ಮುಗಿಸಿದೆ. ಹಲಗೆಗೆ ನೇತುಹಾಕಿ ಕೆಳಗೆ ಮನೆ ನಂಬರ್ ಬರೆದೆ. ಬರೆಯದಿದ್ದರೆ ಯಾರದು ಯಾರಿಗೆ ಹೋಗುತ್ತೋ!

ಅಂಗಡಿಗೆ ಕಾವಲಂತೆ — ಅಳಿಯ ಹಲಗೆ ಎದುರಿಗೇ ಕ್ಯಾಮೆರಾ ಕೂರಿಸಿದ. "ಮಾವ, ಪಾಸ್‌ವರ್ಡ್ ಬದಲಾಯಿಸೋಣ."

"ಕ್ಯಾಮೆರಾ ಡಬ್ಬಿ ಮೇಲೆ ಒಂದು ಬರೆದಿದೆಯಲ್ಲಪ್ಪಾ. ಹೊಸದು ಯಾರು ನೆನಪಿಟ್ಕೋತಾರೆ, ನಿಮ್ಮತ್ತೆಯಾ?"

ಡಬ್ಬಿ ಮೇಲಿನದ್ದನ್ನೇ ಹಾಕಿ ಹೋದ.

ಮಾರ್ಚ್ 9

ಹದಿನಾಲ್ಕನೇ ನಂಬರಿನ ನರ್ಸಮ್ಮ ಬಂದಿದ್ದಳು. ಅವಳ ತಾಯಿ ಹಾಸಿಗೆ ಹಿಡಿದಿದ್ದಾರೆ. ಇವಳು ಡ್ಯೂಟಿಗೆ ಹೋದರೆ ಸಂಜೆವರೆಗೂ ಒಬ್ಬರೇ.

"ತಾತ, ನನ್ನ ಕೀಲಿ ಕಳೆದ್ರೆ ಅಮ್ಮ ಎದ್ದು ಬಾಗಿಲು ತೆಗೆಯೋಕಾಗಲ್ಲ. ಇನ್ನೊಂದು ನಿಮ್ಮತ್ರ ಇರ್ಲಿ."

ಹಲಗೆಗೆ ಹಾಕಿದೆ.

ಮಾರ್ಚ್ 17, ಮಧ್ಯಾಹ್ನ

ಅಂಗಡಿಯಲ್ಲಿ ಒಬ್ಬನೇ. ಹಿಂದಿನಿಂದ ಗಂಡಸಿನ ದನಿ — "ಸ್ವಲ್ಪ ಪಕ್ಕಕ್ಕೆ ಸರಿ ತಾತ. ಹದಿನಾಲ್ಕು ಕಾಣ್ತಿಲ್ಲ."

ತಿರುಗಿದೆ. ಯಾರೂ ಇಲ್ಲ. ದನಿ ಬಂದದ್ದು ಕ್ಯಾಮೆರಾದಿಂದ!

ಬಾಯಿಗೆ ಬಂದಂತೆ ಬೈದೆ. ನಕ್ಕ, ಹಲ್ಕಾ. ವೈರು ಕಿತ್ತೆಸೆದೆ.

ಅಳಿಯನಿಗೆ ಫೋನ್ ಮಾಡಿದೆ. "ಡಬ್ಬಿ ಪಾಸ್‌ವರ್ಡ್ ಎಲ್ಲಾ ಡಬ್ಬಿಗೂ ಒಂದೇ ಮಾವ. ಎಲ್ಲೋ ಕೂತವನೂ ನೋಡಬಹುದು. ಅವನು ನೋಡಿದ್ರೇನು, ಕೀಲಿ ನಿಮ್ಮತ್ರಾನೇ ಇದೆಯಲ್ಲ?"

ಅವನಿಗೇನು ಗೊತ್ತು. ಕೀಲಿಯ ಹಲ್ಲು ಸರಿಯಾಗಿ ಕಂಡರೆ ಸಾಕು, ಅಂಥದ್ದೇ ಇನ್ನೊಂದು ಉಜ್ಜಬಹುದು. ಫೋಟೋ ನೋಡಿ ನಾನೇ ಎಷ್ಟು ಮಾಡಿಲ್ಲ...

ಮಾರ್ಚ್ 18

ಹಲಗೆಯಲ್ಲಿ ಕೀಲಿ ಇದ್ದ ಒಂಬತ್ತು ಮನೆ ಬೀಗ ಬದಲಾಯಿಸಿದೆ. "ಪುಕ್ಕಟೆ ಯಾಕೆ ತಾತ?" ಅಂದರು. ಹಳೇ ಮಾಲು ಸರಿಯಿಲ್ಲ ಅಂದೆ. ಸುಳ್ಳು. ನಿಜ ಹೇಳಿದರೆ ಯಾರು ನನ್ನತ್ರ ಬರ್ತಾರೆ?

ನರ್ಸಮ್ಮನ ಮುಖ ನೋಡೋಕೆ ಧೈರ್ಯ ಬರಲಿಲ್ಲ. ಅವಳದ್ದೇ ಮೊದಲು ಮಾಡಬೇಕಿತ್ತು. ಹಾಳಾದ ಮಾನ! ನಾಳೆ, ಅವಳು ಹೊರಡೋ ಮುಂಚೆ.

ಮಾರ್ಚ್ 19

ನರ್ಸಮ್ಮ ಏಳಕ್ಕೇ ಹೊರಟುಹೋಗಿದ್ದಾಳಂತೆ. ಹದಿನಾಲ್ಕರ ಮೆಟ್ಟಿಲ ಮೇಲಿದ್ದೀನಿ. ನನ್ನ ಕೀಲಿ ತೂರ್ತಿಲ್ಲ. ಒಳಗಿಂದ ಯಾರೋ ಬೀಗದ ತೂತಿಗೆ ಕೀಲಿ ಹಾಕಿಟ್ಟಿದ್ದಾರೆ. ಎದ್ದು ಕೂರಲಾರದ ಮುದುಕಿ ಹಾಕೋದುಂಟೆ?

ಪೊಲೀಸರಿಗೆ ಹೇಳಿದೆ. ಹೊರಟಿದ್ದಾರಂತೆ. ಕಂಡದ್ದು, ಕೇಳಿದ್ದು ಟೈಮ್ ಸಮೇತ ಬರೆದಿಡಿ ಅಂದರು.

8.10 — ಬಾಗಿಲು ಬಡಿದೆ. ಕೂಗಿದೆ. ಬಾಗಿಲಿಗೆ ಕಿವಿ ಕೊಟ್ಟೆ.

8.14 — ಒಳಗೆ ನರ್ಸಮ್ಮನ ತಾಯಿಯ ಕೆಮ್ಮು. ಸದ್ಯ, ಜೀವ ಇದೆ.

8.15 — ಆಯಮ್ಮ ಯಾರನ್ನೋ ಕೇಳ್ತಿದ್ದಾರೆ. "ಯಾರಪ್ಪಾ ನೀನು? ಬೀಗ ರಿಪೇರಿ ತಾತ ಕಳಿಸಿದ್ರಾ?"

8.16 — ಒಳಗೆ ಕೀಲಿ ತಿರುಗ್ತಾ