ಕೆಂಪಿಯ ಐದನೆಯ ಮರಿ

ಬೆಟಗೇರಿ,
೨೧೬೪ನೆಯ ಇಸವಿ, ಫೆಬ್ರುವರಿ ೩೦

ಒಂದೂವರೆ ಶತಮಾನದ ಹಿಂದಿನ ನನ್ನ ನಾಡಿನವರಿಗೆ ನಮಸ್ಕಾರ.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನು ತಿದ್ದಿದಾಗ ಫೆಬ್ರುವರಿಗೂ ಎರಡು ದಿನ ದಕ್ಕಿತು. ಪರಿಚಯವಿಲ್ಲದ ಪದಗಳು ನನ್ನ ಮಾತಿನಲ್ಲಿ ನುಸುಳಿದರೆ ಕ್ಷಮಿಸಿ. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ನಾನು ಶಾಂಭವಿ ಹೊಂಬಳ, ವಯಸ್ಸು ಎಪ್ಪತ್ತೊಂದು. ಬೆಟಗೇರಿಯ ಪ್ರಾಣಿ ಆಸರೆ ಸಂಘದಲ್ಲಿ ನಲವತ್ತು ವರ್ಷ ಡಾಕ್ಟರರ ಸಹಾಯಕಿಯಾಗಿ ದುಡಿದವಳು. ಅಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಬೇಕಾಗಿದೆ.

ನಮ್ಮಲ್ಲಿ ನೀರು ನಲ್ಲಿಯಲ್ಲಿ ಬರುವುದಿಲ್ಲ. ಬೆಳಗಿನ ಐದಕ್ಕೆ ಗಾಡಿ ಬಂದು ತಲೆಗೆ ಇಷ್ಟೆಂದು ಅಳೆದು ಹಾಕುತ್ತದೆ. ಅದನ್ನು ಹಂಚುನೀರು ಎನ್ನುತ್ತೇವೆ. ಬೀದಿಗಳ ಮೇಲೆಲ್ಲ ನೇಯ್ದ ಚಪ್ಪರಗಳಿವೆ, ಹನ್ನೊಂದು ಗಂಟೆಯ ಮೇಲೆ ಬರಿ ಬಿಸಿಲಿಗೆ ಯಾರೂ ಕಾಲಿಡುವುದಿಲ್ಲ. ಆ ಚಪ್ಪರದ ಬಟ್ಟೆ ನೇಯುವುದೇ ನಮ್ಮೂರಿನ ಕಸುಬು. ಹಾಗಾಗಿ ನೇಕಾರರು ತಗ್ಗಿನೊಳಗೆ ಕಾಲು ಇಳಿಬಿಟ್ಟು ಕೂರುವ ಕುಣಿಮಗ್ಗಗಳು ಇಂದಿಗೂ ಮನೆಮನೆಯಲ್ಲಿವೆ. ಮನೆಗೊಂದೇ ಸಾಕುಪ್ರಾಣಿ, ಅದರ ನೀರೂ ಮನೆಯವರ ಪಾಲಿನಿಂದಲೇ. ಯಾರ ಪಾಲಿಗೂ ಸೇರದ ನಾಯಿ ಬೆಕ್ಕುಗಳನ್ನು ಹಿಂದೆ ತಿಂಗಳ ಕೊನೆಯ ದಿನ ನೀರು ಸಮಿತಿಯ ಬಂಡಿ ಬಂದು ಎತ್ತಿ ಒಯ್ಯುತ್ತಿತ್ತು, ಅದನ್ನು ಎತ್ತುಬಂಡಿ ಎನ್ನುತ್ತಿದ್ದೆವು. ಒಯ್ದದ್ದು ಮರಳಿದ್ದಿಲ್ಲ. ಜನ ತಮ್ಮ ಕೈಯಾರೆ ಬಂಡಿಗೆ ಹಾಕಲಾರದೆ, ಮರಿಗಳನ್ನು ಬುಟ್ಟಿಯಲ್ಲಿಟ್ಟು ನಮ್ಮ ಸಂಘದ ಗೇಟಿನ ಮುಂದೆ ಬಿಟ್ಟು ಹೋಗುತ್ತಿದ್ದರು. ನಮ್ಮಲ್ಲಿ ಮನೆ ಸಿಗದೆ ಉಳಿದವನ್ನು ನಾವೂ ಆ ಬಂಡಿಗೆ ಒಪ್ಪಿಸಬೇಕಾಗಿತ್ತು.

ಸಂಘವನ್ನು ನಡೆಸುತ್ತಿದ್ದವರು ಡಾಕ್ಟರ್ ಜುಲೇಖಾ ನದಾಫ. ಕಡಿಮೆ ಮಾತಿನ ಹೆಂಗಸು. ಮೂವತ್ತು ವರ್ಷಗಳ ಹಿಂದೆ ಅವರು ನೀರು ಸಮಿತಿಯ ಮುಂದೆ ನಿಂತು, “ಕೊಂದು ಕಡಿಮಿ ಮಾಡೂದು ಬ್ಯಾಡ್ರಿ. ಹುಟ್ಟೂದನ್ನ ಕಡಿಮಿ ಮಾಡಿ ತೋರಿಸ್ತೀವಿ” ಎಂದರು. ಕೊನೆಗೆ ಒಂದು ಒಪ್ಪಂದವಾಯಿತು: ಹನ್ನೆರಡು ತಿಂಗಳು ಊರಿನಲ್ಲಿ ದಿಕ್ಕಿಲ್ಲದ ಒಂದೇ ಒಂದು ಮರಿಯೂ ಸಿಗದಿದ್ದರೆ ಎತ್ತುಬಂಡಿ ಶಾಶ್ವತವಾಗಿ ನಿಲ್ಲುತ್ತದೆ. ನಾವು ಓಣಿ ಓಣಿ ತಿರುಗಿದೆವು. ಬೈದವರಿದ್ದರು, ನಾಯಿ ಬಿಟ್ಟು ಓಡಿಸಿದವರಿದ್ದರು. ಆದರೂ ದಿನಕ್ಕೆ ಹದಿನೆಂಟು ಪ್ರಾಣಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದೆವು. ಹನ್ನೊಂದು ತಿಂಗಳು ಒಂದು ಮರಿಯೂ ಸಿಗಲಿಲ್ಲ.

ಆ ಹೊತ್ತಿಗೆ ನನ್ನ ಮನೆಯ ಮಗ್ಗದ ಕುಣಿಯಲ್ಲಿ ಐದು ಮರಿಗಳಿದ್ದವು.

ಕೆಂಪಿ ನನ್ನ ಗಂಡ ಸಾಯುವ ವರ್ಷ ಸಾಕಿದ ನಾಯಿ. ಊರಿನ ನಾಯಿಗಳನ್ನೆಲ್ಲ ಮೇಜಿನ ಮೇಲೆ ಮಲಗಿಸಿದ ನನಗೆ ಅದೊಂದನ್ನು ಮಲಗಿಸಲು ಮನಸ್ಸಾಗಲಿಲ್ಲ. ಒಂದೇ ಒಂದು ಸಲ ಮರಿ ಹಾಕಲಿ, ಆಮೇಲೆ ಮಾಡಿಸಿದರಾಯಿತು ಎಂದುಕೊಂಡೆ. ಡಾಕ್ಟರರು ಕೇಳಿದಾಗ, “ಗದಗಿನಾಗ ಮಾಡಿಸೀನ್ರಿ” ಎಂದೆ. ಅವರು ನಂಬಿದರು. ಮರಿಗಳಿಗೆ ಐದು ವಾರ ತುಂಬಿ ಕುಂಯ್‌ಗುಟ್ಟುವ ದನಿ ಗಟ್ಟಿಯಾಗುತ್ತ ಬಂದಾಗ ನನಗೆ ಅನ್ನ ಸೇರದಾಯಿತು. ಹನ್ನೆರಡನೆಯ ತಿಂಗಳ ಕೊನೆಯ ದಿನ, ಬೆಳಗ್ಗೆ ಎಂಟಕ್ಕೆ, ಡಾಕ್ಟರರ ಮುಂದೆ ನಿಂತು ಎಲ್ಲ ಹೇಳಿಬಿಟ್ಟೆ.

ಅವರು ಕೈ ತೊಳೆಯುತ್ತಿದ್ದರು. ಬಟ್ಟಲಿನಿಂದ ಕೈ ತೆಗೆದು ಒರೆಸಿಕೊಂಡರು.

“ಎಷ್ಟು ಮರಿ?”

“ಐದ್ರಿ.”

“ಮೂರು ಗಂಟೆಕ್ಕ ತಪಾಸಣೆ ಐತಿ. ಈಗ ಅಳಾಕ ಹೊತ್ತಿಲ್ಲ. ಎರಡು ನನ್ನ ಕೈಯಾಗ ಕೊಡು, ಮೂರು ನೀ ತಗೊ. ಯಾರರ ತಮ್ಮ ನೀರಿನ ಪಾಲಿಗೆ ಸೇರಿಸ್ಕೊಂಡ್ರ ಅದಕ್ಕ ದಿಕ್ಕು ಆದಂಗ. ನಡಿ.”

ಚಪ್ಪರದ ಕೆಳಗೆ ಬುಟ್ಟಿ ಹೊತ್ತು ಬಾಗಿಲು ಬಾಗಿಲು ಬಡಿದೆ. ಮಧ್ಯಾಹ್ನದ ಹೊತ್ತಿಗೆ ಎರಡು ಮರಿಗಳಿಗೆ ಮನೆ ಸಿಕ್ಕಿತು. ಮೂರನೆಯದನ್ನು ಯಾರೂ ಒಲ್ಲರು. ಕೊನೆಗೆ ಪಕ್ಕದ ಮನೆಯ ನೀಲವ್ವ ಬಣಕಾರರನ್ನು ಕೇಳಿದೆ. “ನನ್ನ ಸೊಸಿ ಬಸುರಿ ಅದಾಳ. ಅಕಿ ಪಾಲಿನ ನೀರು ನಾಯಿಗೆ ಹಾಕ್ಲೇನು? ನೀನ ಹೇಳವಾ” ಎಂದರು. ಬುಟ್ಟಿ ಎತ್ತಿಕೊಂಡು ಹೊರಟೆ. ಇದರ ಮೇಲೆ ಇಡೀ ಒಪ್ಪಂದ ನಿಂತಿದೆ ಎಂದು ಯಾವ ಬಾಗಿಲಲ್ಲೂ ನಾನು ಹೇಳಿರಲಿಲ್ಲ. ಹೇಳಿದ್ದರೆ ಮರಿಗಳು ಎಲ್ಲಿಂದ ಬಂದವೆಂದೂ ಹೇಳಬೇಕಾಗುತ್ತಿತ್ತು.

ಎರಡೂವರೆಯಾಗಿತ್ತು. ಆ ಮರಿಯನ್ನು ಮತ್ತೆ ಕುಣಿಯೊಳಗೆ ಇಳಿಸಿ, ಮೇಲೆ ಹಲಗೆ ಮುಚ್ಚಿ, ಕೆಂಪಿಯನ್ನು ಹಿತ್ತಲಿನಲ್ಲಿ ಕಟ್ಟಿ ಸಂಘಕ್ಕೆ ಓಡಿದೆ. ಡಾಕ್ಟರರು ತಮ್ಮ ಎರಡಕ್ಕೂ ಮನೆ ಹುಡುಕಿ ಬಂದು ಕೂತಿದ್ದರು. “ಎಲ್ಲಾ ಆದ್ವಾ?” ಎಂದರು. “ಆದ್ವರಿ” ಎಂದೆ.

ನೀರು ಸಮಿತಿಯಿಂದ ತಪಾಸಣೆಗೆ ಬಂದವರು ವಿರೂಪಾಕ್ಷ ತಳವಾರ, ಮೆತ್ತಗಿನ ಮಾತಿನವರು. “ದಿಕ್ಕಿಲ್ಲದ್ದು ಯಾವುದರ ಉಳದೈತೇನ್ರಿ?” ಎಂದು ಕೇಳಿದರು. ಡಾಕ್ಟರರು ನನ್ನ ಕಡೆ ನೋಡಿದರು. “ಇಲ್ರಿ” ಎಂದೆ. ತಳವಾರರು ತಲೆಯಾಡಿಸಿ, ಪದ್ಧತಿಯಂತೆ ಓಣಿಯಲ್ಲಿ ಒಂದು ಸುತ್ತು ಹೊರಟರು. ನಾವಿಬ್ಬರೂ ಹಿಂದೆ ನಡೆದೆವು. ನನ್ನ ಮನೆ ದಾಟಲು ನಾಲ್ಕು ಹೆಜ್ಜೆ ಉಳಿದಿತ್ತು. ಒಳಗಿನಿಂದ ಕರಕರ ಸದ್ದು ಬಂತು.

ಕೆಂಪಿ ಹಗ್ಗ ಕಡಿದುಕೊಂಡು ಬಂದಿತ್ತು. ಮಗ್ಗದ ಹಲಗೆಯನ್ನು ಎರಡೂ ಮುಂಗಾಲಿನಿಂದ ಕೆರೆಯುತ್ತಿತ್ತು. ಉಗುರಿನಿಂದ ರಕ್ತ ಬಂದಿತ್ತು. ನಾನು ಕರೆದರೂ ತಿರುಗಿ ನೋಡಲಿಲ್ಲ. ತಳವಾರರು ಬಗ್ಗಿ ಹಲಗೆ ಎತ್ತಿದರು.

ಹಲಗೆಯನ್ನು ಗೋಡೆಗೆ ಒರಗಿಸಿ ಅವರು, “ಡಾಕ್ಟರ್ ಅಕ್ಕಾರ, ಇದನ್ನ ನೋಡಿಲ್ಲ ಅಂತ ನಾ ಹೆಂಗ ಬರೀಲಿ?” ಎಂದರು. ಆ ಮನುಷ್ಯನಿಗೆ ನಿಜವಾಗಿಯೂ ಹಾಗೆ ಬರೆಯುವ ಆಸೆಯಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

“ನೋಡಿದ್ದ ಬರೀರಿ” ಎಂದರು ಡಾಕ್ಟರರು. ಒಂದು ಮರಿಗೆ ಊರಿನ ಒಪ್ಪಂದ ಮುರಿಯಿತಲ್ಲ ಎನ್ನುತ್ತಲೇ ತಳವಾರರು ಬರೆದರು.

ಗದ್ದಲ ಕೇಳಿ ಬಂದ ನೀಲವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಸರಸರ ಒಳಗೆ ಬಂದು ಮರಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡರು. “ಊರಿನ ಮಾತು ಇದರ ಮ್ಯಾಲೆ ನಿಂತೈತಿ ಅಂತ ಒಂದ ಮಾತು ಹೇಳಿದ್ರ ತಗೋತಿದ್ನಲ್ಲವಾ! ಯಾಕ ಬಾಯಿ ಮುಚ್ಚಿಕೊಂಡು ನಿಂತಿ?” ಎಂದು ನನ್ನ ಮೇಲೆ ರೇಗಿದರು. ಮರಿ ಉಳಿಯಿತು. ಆದರೆ ತಳವಾರರು ಬರೆದಾಗಿತ್ತು. ಹನ್ನೆರಡು ತಿಂಗಳ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಯಿತು.

ಮರುದಿನ ಬೆಳಗ್ಗೆ ಕೆಂಪಿಯನ್ನು ಎತ್ತಿಕೊಂಡು ಸಂಘಕ್ಕೆ ಹೋದೆ. ನನ್ನನ್ನು ಓಡಿಸುತ್ತಾರೆ ಎಂದುಕೊಂಡಿದ್ದೆ. ಡಾಕ್ಟರರು, “ಮೇಜಿನ ಮ್ಯಾಲೆ ಮಲಗಿಸು” ಎಂದರು, ಅಷ್ಟೇ. ಹೊಲಿಗೆ ಹಾಕಿ ಮುಗಿದ ಮೇಲೆ, “ಬಂಡಿ ಬರೂ ದಿನ ಗೇಟ್ ನೀನ ತಗಿಬೇಕು” ಎಂದರು. ಆ ವರ್ಷ ಬಂಡಿ ಹನ್ನೆರಡು ಸಲ ಬಂತು. ವಯಸ್ಸಾದ ನಾಯಿಗಳು, ಕಣ್ಣು ಹೋದ ಬೆಕ್ಕುಗಳು, ಮನೆಯವರು ಊರು ಬಿಟ್ಟಾಗ ಉಳಿದುಹೋದವು. ನಾನೇ ಗೇಟು ತೆಗೆದೆ. ಅವುಗಳಲ್ಲಿ ಎಷ್ಟೋ ನನ್ನ ಕೈ ಗುರುತಿಸಿ ಬಾಲ ಅಲ್ಲಾಡಿಸಿಕೊಂಡೇ ಬಂಡಿ ಹತ್ತಿದವು. ವರ್ಷದ ಕೊನೆಗೆ ಒಂದು ಮರಿಯೂ ಸಿಗಲಿಲ್ಲ, ಬಂಡಿ ನಿಂತಿತು. ಡಾಕ್ಟರರು ಆ ಆದೇಶವನ್ನು ಎರಡು ಸಲ ಓದಿ, ಮಡಚಿ, ಮುಂದಿನ ನಾಯಿಯನ್ನು ಕರೆತರಲು ಹೇಳಿದರು.

ನಿಮ್ಮ ಊರಿನಲ್ಲಿಯೂ ಇಂಥ ಸಂಘವೊಂದಿರಬಹುದು. ಅದರವರು ನಿಮ್ಮ ಬಾಗಿಲಿಗೂ ಬರಬಹುದು. ಬಂದರೆ ಬೈದು ಕಳಿಸಬೇಡಿ. ಒಂದೇ ಸಲ ಎಂದು ನಿಮ್ಮ ಮನಸ್ಸೂ ಹೇಳುತ್ತದೆ, ಅದನ್ನು ಕೇಳಬೇಡಿ. ಕೇಳಿ ಕೆಟ್ಟಿದ್ದರೆ ಅಂದೇ, ಮೊದಲು ಸಿಕ್ಕ ಬಾಗಿಲಲ್ಲೇ ನಿಂತು, ನಡೆದದ್ದನ್ನೆಲ್ಲ ಹೇಳಿಬಿಡಿ. ಬೈಸಿಕೊಳ್ಳಿ. ಬೈಗುಳಕ್ಕೆ ಯಾವ ಪ್ರಾಣಿಯೂ ಸಾಯುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ, ಆ ಹನ್ನೆರಡು ಬಂಡಿಗಳಲ್ಲಿ ಹೋಗಿ, ಐವತ್ತೆಂಟು ಸತ್ತವು.

ಇಂತಿ,
ಶಾಂಭವಿ ಹೊಂಬಳ