ಟೋರ್ಕೆಲ್‌ನ ಕಿವಿ

ಹಾರ್ನೋಸಂದ್,
ನವೆಂಬರ್ ೯, ೨೦೦೮

ಸೋಲ್ವೈ,

'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನಗೂ ಕಾಣುತ್ತದೆ. ಮನೆ ಬಿಟ್ಟು ಹೋಗಿ ಇಪ್ಪತ್ತು ವರ್ಷವಾದ ಹೆಂಡತಿಯನ್ನು ಹೇಗೆ ಕರೆಯಬೇಕೋ ನನಗೆ ತಿಳಿಯದು. ಬೆರಳುಗಳೆಲ್ಲ ಸೊಟ್ಟಗಾಗಿವೆ, ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ. ಹದಿನಾಲ್ಕು ವರ್ಷ ಗೋಲು ಕಾಯ್ದದ್ದಕ್ಕೆ ನನಗೆ ಉಳಿದಿರುವ ಸಂಪಾದನೆ ಇದು.

ಶುಕ್ರವಾರ ನಿನ್ನ ತಮ್ಮ ಟೋರ್ಕೆಲ್‌ನನ್ನು ಮಣ್ಣು ಮಾಡಿ ಬಂದು ಎಲ್ಲರೂ ಚರ್ಚಿನ ಪಕ್ಕದ ಕೋಣೆಯಲ್ಲಿ ಕಾಫಿಗೆ ಕೂತಿದ್ದೆವಲ್ಲ, ಆಗ ನಮ್ಮ ಹಳೇ ಫುಟ್‌ಬಾಲ್ ತಂಡದ ಬರ್ತಿಲ್ ಬಾಯಿ ತುಂಬ ಸೀಗಡಿ ಬ್ರೆಡ್ಡು ತುಂಬಿಕೊಂಡೇ, "ಟೋರ್ಕೆಲ್‌ಗೆ ಅವರಮ್ಮ ಊಟಕ್ಕೆ ಕರೆದ್ರೂ ಕೇಳಿಸ್ತಿರ್ಲಿಲ್ಲ ಮಾರಾಯ, ಇನ್ನು ನಮ್ ಹೋಲ್ಗರ್ ಕೂಗಿದ್ದು ಎಲ್ಲಿ ಕೇಳಿಸ್ಬೇಕು!" ಎಂದು ನನ್ನ ಹೆಗಲು ತಟ್ಟಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ನಗಲಿಲ್ಲ. ಹೊರಡುವಾಗ ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಹತ್ತಿರ ಬಂದು ಕೇಳಿದೆ: "ಟೋರ್ಕೆಲ್‌ನ ಡ್ರಾಯರ್‌ನಲ್ಲಿ ಕಿವಿ ಪರೀಕ್ಷೆಯ ಮೂರು ಚೀಟಿ ಸಿಕ್ವು. ಮೂರರಲ್ಲೂ ಕಿವಿ ಚೆನ್ನಾಗಿದೆ ಅಂತಾನೇ ಇದೆ. ಆ ಗಾಲಿಕುರ್ಚಿ ತಳ್ಕೊಂಡು ಮೂರು ಮೂರು ಸಲ ಯಾಕೆ ಹೋಗಿದ್ದ?" ಗೊತ್ತಿಲ್ಲ ಎಂದೆ. ಗೊತ್ತಿತ್ತು.

ಎಪ್ಪತ್ತೊಂಬತ್ತರ ವಸಂತದಲ್ಲಿ ಅಭ್ಯಾಸದ ವೇಳೆ ಯಾರದೋ ಬೂಟು ನನ್ನ ಎಡಗಣ್ಣಿಗೆ ಬಡಿದಿತ್ತು. ಊತ ಇಳಿಯಿತು ಎಂದಷ್ಟೇ ನಿನಗೆ ಹೇಳಿದ್ದೆ. ಊತ ಇಳಿಯಿತು, ದೃಷ್ಟಿ ಬರಲಿಲ್ಲ. ತಂಡದ ವೈದ್ಯರು ಪರೀಕ್ಷಿಸಿದಾಗ ಎಡಗೈಯಿಂದ ಎಡಗಣ್ಣು ಮುಚ್ಚಿಕೊಂಡು ಓದಿದೆ. "ಈಗ ಇನ್ನೊಂದು" ಎಂದಾಗ ಬಲಗೈಯಿಂದ ಅದೇ ಎಡಗಣ್ಣು ಮುಚ್ಚಿದೆ. ಅವರು ಕಾಗದ ನೋಡುತ್ತಿದ್ದರು. ನನ್ನ ಜಾಗಕ್ಕೆ ಬೆಂಚಿನ ಮೇಲೆ ಕಾಯುತ್ತಿದ್ದವನಿಗೆ ಇಪ್ಪತ್ತು ವರ್ಷ. ಒಮ್ಮೆ ಬಿಟ್ಟಿದ್ದರೆ ಆ ಜಾಗ ಮತ್ತೆ ಸಿಗುತ್ತಿರಲಿಲ್ಲ. ಕಾಗದದ ಗಿರಣಿಯ ಪಾಳಿಗೆ ವಾಪಸ್ ಹೋಗುವುದೆಂದರೆ ನನಗೆಷ್ಟು ಹೆದರಿಕೆಯಿತ್ತೆಂದು ನೀನೇ ಬಲ್ಲೆ.

ಅದೇ ವರ್ಷ ಅಕ್ಟೋಬರಿನ ಆ ಕೊನೆಯ ಪಂದ್ಯ. ಗೆದ್ದರೆ ತಂಡಕ್ಕೆ ಮೇಲಿನ ದರ್ಜೆಗೆ ಬಡ್ತಿ. ಚೆಂಡು ಎಡಮೂಲೆಯಿಂದ ಎತ್ತರಕ್ಕೆ ಬಂತು. ಗೋಲ್‌ಕೀಪರ್ ಮುಂದೆ ಬರುವಾಗ "ನಂದು!" ಎಂದು ಕೂಗಬೇಕು, ಕೂಗಿದರೆ ನಮ್ಮವರು ದಾರಿ ಬಿಡಬೇಕು. ನಾನು ಕೂಗಿದೆ. ನನ್ನ ಮುಂದೆ ರಕ್ಷಣೆಗೆ ನಿಂತಿದ್ದ ಟೋರ್ಕೆಲ್ ದಾರಿ ಬಿಡಲಿಲ್ಲ. ನನ್ನ ಮಂಡಿ ಅವನ ಕುತ್ತಿಗೆಗೆ ಬಡಿಯಿತು. ಚೆಂಡು ಹೊರಗೆ ಹೋಯಿತು, ನಾವು ಗೆದ್ದೆವು. ಇಪ್ಪತ್ಮೂರರ ಟೋರ್ಕೆಲ್ ಮತ್ತೆ ಕಾಲ ಮೇಲೆ ನಿಲ್ಲಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಿರಲಿಲ್ಲ. ನಾನು ಹೇಳಿದ್ದನ್ನೇ ಎಲ್ಲರೂ ನಂಬಿದರು. ಮೇಲಿನ ದರ್ಜೆಯಲ್ಲಿ ನಾಲ್ಕು ವರ್ಷ ಆಡಿದೆ. ಎಡಗಡೆಯಿಂದ ಗೋಲು ಬಿದ್ದಾಗಲೆಲ್ಲ ಹೋಲ್ಗರ್‌ಗೆ ವಯಸ್ಸಾಯಿತು ಎಂದರು.

ಆಸ್ಪತ್ರೆಯಲ್ಲಿ ಅವನು ಕೇಳಿದ್ದು ಒಂದೇ: "ಭಾವ, ನೀನು ಕೂಗಿದ್ಯಾ?"

"ಕೂಗ್ದೆ ಕಣೋ," ಎಂದೆ.

"ಹಾಗಾದ್ರೆ ತಪ್ಪು ನಂದೇ ಬಿಡು. ಅಕ್ಕ ನಿನ್ನ ಬೈದ್ರೆ ನಂಗೆ ಹೇಳು," ಎಂದ.

ಆಮೇಲೆ ವರ್ಷಕ್ಕೊಮ್ಮೆ, ಕ್ರಿಸ್‌ಮಸ್‌ಗೆ, ಕೇಸರಿ ಬನ್ನು ಹಿಡಿದುಕೊಂಡು ಹೋಗಿ ಹತ್ತು ನಿಮಿಷ ಕೂತು ಬರುತ್ತಿದ್ದೆ. "ನನ್ನ ತಮ್ಮನ ಮುಖ ನೋಡೋಕೂ ಆಗದವನ ಜೊತೆ ನಂಗೆ ಬಾಳೋಕಾಗಲ್ಲ" ಎಂದು ನೀನು ಹೊರಟದ್ದು ಅದಕ್ಕೇ. ಹೋದಾಗಲೆಲ್ಲ ಅವನೇ ನನ್ನಲ್ಲಿ ಕ್ಷಮೆ ಕೇಳುತ್ತಿದ್ದ, ಸೋಲ್ವೈ. ಅದನ್ನು ಕೇಳುತ್ತಾ ಕೂರುವ ಎದೆ ನನಗಿರಲಿಲ್ಲ.

ಕಣ್ಣಿನ ವಿಷಯ ಮುಚ್ಚಿಟ್ಟದ್ದು ನನ್ನ ತಪ್ಪು. ಈ ಕಾಗದವನ್ನು ಬರ್ತಿಲ್‌ಗೆ ತೋರಿಸು, ಯಾರಿಗೆ ಬೇಕಾದರೂ ತೋರಿಸು. ಆದರೆ ನಾನು ಕೂಗಿದ್ದೆ ಎಂಬುದನ್ನು ಮಾತ್ರ ನಂಬು.

ನಿನ್ನವನೆಂದು ಬರೆಯುವ ಹಕ್ಕು ಉಳಿಯದ,
ಹೋಲ್ಗರ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಚೆಂಡು ಕಂಡರೆ ತಾನೇ ಗೋಲ್‌ಕೀಪರ್ ಕೂಗುವುದು? ನನಗದು ಕಂಡದ್ದು ಟೋರ್ಕೆಲ್‌ನ ತಲೆಯ ಮೇಲೆ ಬಂದ ಮೇಲೆ. ನಾನು ಕೂಗಲೇ ಇಲ್ಲ. ಅವನ ಕಿವಿ ಚೆನ್ನಾಗಿಯೇ ಇತ್ತು.